ಅಪ್ಪನ ಪೇಟಿಯಲ್ಲಿ ಅವ್ವನ ಅಳು

ಪೇಟಿಯ ಹಿಂದಿನ ಹಲಗೆ ಬಿಚ್ಚಿದ ಕೂಡಲೇ ತಂಬಾಕಿನ ವಾಸನೆ ಮನೆ ತುಂಬಿತು. ಮಿರಜಿನಿಂದ ಕರೆಸಿದ್ದ ರಿಪೇರಿಯವನು ಮೂಗಿಗೆ ಟವೆಲ್ ಹಿಡಿದು, "ಹಾರ್ಮೋನಿಯಂದಾಗ ತಂಬಾಕ ಯಾರ ಇಟ್ಟಾರ್ರೀ ಬಾಯಾರ?" ಎಂದ. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಇಟ್ಟವರು ನಮ್ಮಪ್ಪ. ನಿಪ್ಪಾಣಿಯಲ್ಲಿ ನಾಟಕ ಕಂಪನಿಯ ಕ್ಯಾಂಪು ಬಿದ್ದಾಗಲೆಲ್ಲ ಒಳ್ಳೆಯ ನಾಲ್ಕು ಎಲೆ ತಂದು, ತಿದಿಯ ಚರ್ಮಕ್ಕೆ ಹುಳ ಹತ್ತಬಾರದೆಂದು ಒಳಗೆ ಹಾಸಿಡುತ್ತಿದ್ದರು. ಎಲೆಗಳು ಈಗ ಮುಟ್ಟಿದರೆ ಪುಡಿ. ವಾಸನೆ ಮಾತ್ರ ಹಾಗೇ ಇದೆ, ನಮ್ಮ ರಾಯಬಾಗದ ಪಡಸಾಲೆಯಲ್ಲಿ ಇದ್ದ ಹಾಗೆಯೇ. ಆ ಮನೆ ಈಗಿಲ್ಲ. ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿಯಾಗಿದೆ. ಹಳೆಯ ಮನೆಯನ್ನು ಕಳೆದುಕೊಂಡವರಿಗೆ ಹೀಗೆ ಎಲ್ಲೋ ಒಂದು ಡಬ್ಬಿಯಲ್ಲೋ ಟ್ರಂಕಿನಲ್ಲೋ ಅದರ ಗಾಳಿ ಸ್ವಲ್ಪ ಉಳಿದಿರುತ್ತದೆ, ನಿಮಗೂ ಆಗಿರಬೇಕು.

ಅಪ್ಪ ಕಬ್ಬಿನ ಹೊಲದ ಮನೆತನದ ಕೊನೆಯ ಮಗ. ಅಣ್ಣಂದಿರು ನೀರು ಹಾಯಿಸುತ್ತಿದ್ದರೆ ಇವರು ಮಿರಜಿಗೆ ಓಡಿಹೋಗಿ ಒಬ್ಬ ಉಸ್ತಾದರ ಮನೆಯಲ್ಲಿ ನೀರು ಹೊತ್ತು ಹಾರ್ಮೋನಿಯಂ ಕಲಿತರು. ಹೊರುವುದು ನೀರೇ ಆದರೆ ಮನೆಯ ಹೊಲದಲ್ಲೇ ಹೊರಬಹುದಿತ್ತಲ್ಲ ಎಂದು ನಮ್ಮಜ್ಜ ಕೊನೆಯತನಕ ಹಂಗಿಸುತ್ತಿದ್ದರಂತೆ. ಅಲ್ಲಿಂದ ಒಂದು ಕಂಪನಿಗೆ ಸೇರಿ, ಎರಡನೆಯ ಪೇಟಿಯವರಾಗಿದ್ದು, ಆಮೇಲೆ ಪೇಟಿ ಮಾಸ್ತರರಾದರು. ಪೇಟಿ ಮಾಸ್ತರ ಎಂದರೆ ಬರೀ ಬಾರಿಸುವವನಲ್ಲ. ಹಾಡಿಗೆ ಧಾಟಿ ಕಟ್ಟುವವನು ಅವನೇ, ನಟರಿಗೆ ಕಲಿಸುವವನು ಅವನೇ, ಆಟದ ದಿನ ರಂಗದ ಮುಂದಿನ ತಗ್ಗಿನಲ್ಲಿ ಕಾಲುಪೇಟಿಗೆ ಕುಳಿತು ತಬಲಾ, ಕ್ಲಾರಿಯೋನೆಟ್, ಮೇಲಿನ ನಟರು ಎಲ್ಲರನ್ನೂ ನಡೆಸುವವನೂ ಅವನೇ. ಜನರಿಗೆ ಬೆನ್ನು ಮಾಡಿ ಕೂಡ್ರುವ ಕೆಲಸ ಅದು. ಹೀಗಾಗಿ ಚಿಕ್ಕೋಡಿಯಿಂದ ಅಥಣಿಯವರೆಗೆ ಜನಕ್ಕೆ ಅಪ್ಪನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯವಾಗಿತ್ತು. ಎಡ ಹುಬ್ಬು ಏರಿಸಿದರೆ ತಬಲಾದವನು ಲಯ ಏರಿಸಬೇಕು, ಗದ್ದ ತಗ್ಗಿಸಿದರೆ ಎಲ್ಲರೂ ನಿಲ್ಲಬೇಕು. ನಟ ಸಾಲು ಮರೆತು ಬಾಯಿ ತೆರೆದು ನಿಂತರೆ, ಅಪ್ಪ ಹಿಂದಿನ ಸಾಲನ್ನೇ ಇನ್ನೊಂದು ಸುತ್ತು ಸುತ್ತಿಸಿ ಅವನಿಗೆ ನೆನಪಾಗುವವರೆಗೆ ಕಾಯುತ್ತಿದ್ದರು. ನೋಡುವವರಿಗೆ ಅದೂ ಹಾಡಿನ ಸೊಗಸೇ ಎನಿಸುತ್ತಿತ್ತು.

ಎರಡು ಕ್ಯಾಂಪುಗಳ ನಡುವೆ ತಾಲೀಮು ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ಅಪ್ಪ ಮೊದಲು ಹಾಡು ಕಟ್ಟಿ ಆಮೇಲೆ ನಟನಿಗೆ ಒಪ್ಪಿಸುವವರಲ್ಲ. ನಟನನ್ನು ಎದುರು ಕೂಡ್ರಿಸಿಕೊಂಡು, ಚಹಾ ಕುಡಿಸಿ, ಮಾತಾಡಿಸಿ, ಅವನ ಗಂಟಲು ಎಲ್ಲಿ ಸಲೀಸಾಗಿ ಹೋಗುತ್ತದೆ, ಎಲ್ಲಿ ಒಡೆಯುತ್ತದೆ ಎಂದು ನೋಡಿ ಆಮೇಲೆ ಕಟ್ಟುವವರು. "ಮೈ ಅಳತಿ ತಗೊಳ್ದ ಅಂಗಿ ಹೊಲ್ಯಾಕ ಬರತೈತೇನ?" ಎನ್ನುತ್ತಿದ್ದರು. ಖಳನ ಪಾತ್ರದವನೊಬ್ಬನಿಗೆ ಗಂಟಲಲ್ಲಿ ಇದ್ದದ್ದೇ ನಾಲ್ಕು ಸ್ವರ. ಅಪ್ಪ ಆ ನಾಲ್ಕರಲ್ಲೇ ಅವನಿಗೊಂದು ಕುಡುಕನ ಹಾಡು ಕಟ್ಟಿಕೊಟ್ಟರು. ಅದಕ್ಕೆ ಮಕ್ಕಳೆಲ್ಲ ಕುಣಿಯುತ್ತಿದ್ದೆವು.

ಅಪ್ಪನ ಧಾಟಿಗಳಿಗೆ ಮೊದಲ ಪರೀಕ್ಷೆ ಮಾತ್ರ ಅಡುಗೆಮನೆಯಲ್ಲಿ. ಅವ್ವ ದಿಗ್ಗೇವಾಡಿಯವಳು. ಕೃಷ್ಣೆಯ ದಂಡೆಯ ಆ ಊರಿನ ಹೆಂಗಸರ ಎದೆಯ ದಮ್ಮು ದೊಡ್ಡದು, ಈ ದಡದಿಂದ ಕೂಗಿದರೆ ಆ ದಡದವರು ಓ ಎನ್ನಬೇಕು ಎಂದು ಅಪ್ಪನೇ ಹೇಳುತ್ತಿದ್ದರು. ರೊಟ್ಟಿ ಬಡಿಯುತ್ತ ಅವ್ವ ಕೇಳಿಸಿಕೊಳ್ಳುವಳು. ಹಿಡಿಸದಿದ್ದರೆ, "ಇದೇನ ಹಾಡೋ, ಎಮ್ಮಿ ಹೊಡಕೊಂಡ ಹೊಂಟೀರೋ?" ಎನ್ನುವಳು. ಅಪ್ಪ ಸಿಟ್ಟಿಗೆದ್ದು ಹೊರಗೆ ಹೋಗಿ, ಅರ್ಧ ತಾಸಿಗೆ ಬಂದು, ಅವಳು ಹೇಳಿದ ಕಡೆಯೇ ತಿದ್ದುತ್ತಿದ್ದರು. ಹಿಡಿಸಿದರೆ ಅವಳೇ ಎತ್ತಿಕೊಂಡು ಹಾಡುವಳು. ರೊಟ್ಟಿಯ ಬಡಿತದ ಮೇಲೆ ಆ ದನಿ ಏರಿದಾಗ ಪಡಸಾಲೆಯಲ್ಲಿ ಕುಳಿತ ನಟರು ಮಾತು ನಿಲ್ಲಿಸುತ್ತಿದ್ದರು. ನನ್ನ ಬಾಲ್ಯದಲ್ಲಿ ಸುಖ ಎಂದರೆ ಅದೇ.

ಅವ್ವನಿಗೆ ಒಬ್ಬನೇ ತಮ್ಮ, ಅಪ್ಪಾಸಾಬ ಮಾಮಾ. ಪ್ರತಿವರ್ಷ ನಾಗರಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಸೈಕಲ್ ಮೇಲೆ ಬರುತ್ತಿದ್ದ. ಅವ್ವನನ್ನು ಬಸ್ಸಿಗೆ ಹತ್ತಿಸಿ, ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆ ಕೂಡ್ರಿಸಿಕೊಂಡು, ಬಸ್ಸಿಗಿಂತ ಮುಂಚೆ ಮುಟ್ಟುತ್ತೇನೆಂದು ಜಂಬ ಕೊಚ್ಚಿ, ಯಾವಾಗಲೂ ತಡವಾಗಿ ಮುಟ್ಟುತ್ತಿದ್ದ. ನನಗೆ ಒಂಬತ್ತು ವರ್ಷವಿದ್ದಾಗ, ಪಂಚಮಿಗೆ ಇನ್ನೂ ತಿಂಗಳಿರುವಾಗ, ಮೂರೇ ದಿನದ ಜ್ವರದಲ್ಲಿ ಮಾಮಾ ತೀರಿಕೊಂಡ. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರೆ, ನಿಮಗೆ ಗೊತ್ತು. ದಿಗ್ಗೇವಾಡಿಯ ಅಂಗಳದಲ್ಲಿ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಅವ್ವ ಅತ್ತಳು. "ಪಂಚಮಿಗೆ ಯಾರ ಬರತಾರೊ ತಮ್ಮಾ, ಬಾಗಿಲದಾಗ ಯಾರ ನಿಂದರತಾರೊ." ಅಳಲು ಬಂದಿದ್ದ ಉಳಿದ ಹೆಂಗಸರು ತಮ್ಮ ಅಳು ನಿಲ್ಲಿಸಿ ಅವಳ ಅಳುವನ್ನೇ ಕೇಳಿದರು. ಅಪ್ಪ ಕಂಬಕ್ಕೆ ಒರಗಿ ಕುಳಿತಿದ್ದರು. ಅವರ ಬಲಗೈಯ ಬೆರಳುಗಳು ಮೊಳಕಾಲ ಮೇಲೆ ಅಲ್ಲಾಡುತ್ತಿದ್ದವು. ದುಃಖಕ್ಕೆ ಕೈ ನಡುಗುತ್ತಿದೆ ಎಂದುಕೊಂಡೆ.

ಅದಾಗಿ ಎರಡು ತಿಂಗಳಿಗೆ, ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದ ಒಂದು ಮಧ್ಯಾಹ್ನ, ಅಪ್ಪ ನನ್ನನ್ನು ಪೇಟಿಯ ಹತ್ತಿರ ಕರೆದರು. "ಅವ್ವ ಮಾಮಾಗ ಅತ್ತಳಲ್ಲ, ಹೆಂಗ ಅತ್ಲ? ಕಡೀಕ ಮ್ಯಾಲ ಹೋಗಿ ಹೆಂಗ ಇಳದ್ಲ? ನನಗ ಅದೊಂದ ಕೈಗೆ ಸಿಗವಲ್ದು. ಅಂದ ತೋರಸ ನೋಡೂಣು." ಅಪ್ಪ ಎಂದೂ ನನ್ನನ್ನು ಪೇಟಿಯ ಎದುರು ಕೂಡ್ರಿಸಿಕೊಂಡವರಲ್ಲ. ಹಿಗ್ಗಿನಿಂದ ಹಾಡಿದೆ. ಮಾಮಾ ಸತ್ತದ್ದು ಆ ಕ್ಷಣಕ್ಕೆ ನನಗೆ ಮರೆತೇ ಹೋಗಿತ್ತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂರು ಸಲ ಹಾಡಿಸಿದರು. ಮೂರನೆಯ ಸಲ ಪೇಟಿ ನನ್ನ ಹಿಂದೆ ಬರದೆ ನನ್ನ ಜೊತೆಗೇ ಬಂತು. "ಶಾಬಾಸ್ ನನ್ನ ಮಗಳ" ಎಂದು ತಲೆ ಸವರಿದರು. ಅವ್ವನಿಗೆ ನಾನು ಹೇಳಲಿಲ್ಲ. ಹೇಳಬೇಡ ಎಂದು ಅಪ್ಪನೂ ಹೇಳಿರಲಿಲ್ಲ.

ಹೊಸ ನಾಟಕ ಐನಾಪುರದಲ್ಲಿ ಶುರುವಾಯಿತು. ಅಪ್ಪನೇ ಅವ್ವನನ್ನು ಕರೆದರು, "ಹೆಣ್ಣಮಕ್ಕಳ ಸಲುವಾಗಿ ರವಿವಾರ ಹಗಲ ಆಟ ಇಟ್ಟಾರ. ಬಾ, ನಿನಗೊಂದ ತೋರಸೂದೈತಿ." ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅವರು ಕದ್ದುಮುಚ್ಚಿ ಮಾಡಿದವರಲ್ಲ. ಮೈದುನನಿಗೆ ಒಂದು ಗುಡಿಯನ್ನೇ ಕಟ್ಟಿದ್ದೇನೆ, ಹೆಂಡತಿ ನೋಡಿ ಸಮಾಧಾನಪಡಲಿ ಎಂದೇ ನಂಬಿದ್ದರು. ಡೇರೆಯ ಒಳಗೆ ಸೆಕೆ, ಮಕ್ಕಳ ಗಲಾಟೆ, ಹೂವಿನ ವಾಸನೆ. ಎರಡನೆಯ ಅಂಕದಲ್ಲಿ ನಾಯಕಿಯ ಪಾತ್ರದ ಸುಶೀಲಾಬಾಯಿ ಅಣ್ಣನ ಹೆಣದ ಮುಂದೆ ಕುಳಿತು ಹಾಡು ಎತ್ತಿದಳು. ಮಾತುಗಳನ್ನು ಕಂಪನಿಯ ಕವಿಗಳು ಬದಲಿಸಿದ್ದರು. "ಬಾಗಿಲದಾಗ ಯಾರ ನಿಂದರತಾರೊ" ಎಂಬುದನ್ನು ಮಾತ್ರ ಹಾಗೇ ಇಟ್ಟಿದ್ದರು. ಧಾಟಿ ಅವ್ವನದು. ಇಡೀ ಡೇರೆ ಸೆರಗಿನಿಂದ ಕಣ್ಣೊರೆಸಿಕೊಂಡಿತು. ಹಾಡು ಮುಗಿದದ್ದೇ ತಡ ಹಿಂದಿನಿಂದ ಯಾರೋ "ಒನ್ಸ್ ಮೋರ್!" ಎಂದರು. ಆಮೇಲೆ ಎಲ್ಲ ಕಡೆಯಿಂದ ಚಪ್ಪಾಳೆ, ಸೀಟಿ, ಒನ್ಸ್ ಮೋರ್. ಮಲಗಿದ್ದ ಹೆಣ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಮೊದಲ ಸ್ವರ ಒತ್ತಿದರು. ಅವ್ವ ಎದ್ದಳು. ನನ್ನ ಕೈ ಹಿಡಿದು, ಕುಳಿತವರ ಕಾಲು ದಾಟುತ್ತ, ಹೊರಗಿನ ಬಿಸಿಲಿಗೆ ಬಂದಳು. ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆವು. ಡೇರೆಯಲ್ಲಿ ಹಾಡು ಎರಡನೆಯ ಸಲ ಮುಗಿದದ್ದು ನಮಗೆ ಅಲ್ಲಿಗೂ ಕೇಳಿಸಿತು.

ಮರುದಿನ ಅಪ್ಪ ಮನೆಗೆ ಬಂದರು. "ನಿನ್ನ ತಮ್ಮನ ಹೆಸರಿಲೆ ಊರಿಗೂರ ಅಳಾಕತ್ತೈತಿ, ನಿನಗ್ಯಾಕ ಸಿಟ್ಟ?" ಎಂದರು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ನಾ ಅತ್ತದ್ದು ಅವರಿಗೆ ಮತ್ತೊಮ್ಮಿ ಬೇಕಾತು. ನನಗ ಒಮ್ಮಿಗೇ ಸಾಕಾಗಿತ್ತು" ಎಂದಳು. ಇಷ್ಟೇ ಜಗಳ. ಆದರೆ ಆ ದಿನದಿಂದ ಅವ್ವ ಹಾಡಲಿಲ್ಲ. ತಾಲೀಮು ನಡೆದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುವಳು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ, ಮಡಿಸಿದ ಧೋತರ, ಎಲ್ಲ ಇತ್ತು. ಎಮ್ಮೆ ಹೊಡೆದಂತಿದೆ ಎಂದು ಹೇಳುವವರು ಇಲ್ಲವಾದರು. ನಾನೂ ಪೇಟಿಯ ಹತ್ತಿರ ಸುಳಿಯುವುದನ್ನು ಬಿಟ್ಟೆ. ಶಾಲೆಯ ಪ್ರಾರ್ಥನೆಯಲ್ಲಿ ಕೂಡ ಬರೀ ಬಾಯಿ ಆಡಿಸುತ್ತಿದ್ದೆ. ಅಪ್ಪ ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ, ತಪ್ಪನ್ನೆಲ್ಲ ತಾವೇ ಹೊತ್ತರು. ಅದು ನನಗೆ ಹಗುರಾಗಲಿಲ್ಲ.

ಆ ಒಂದು ಹಾಡು ಅಪ್ಪನನ್ನು ಮೇಲೆ ಎತ್ತಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ಕ್ಯಾಂಪು ಎಲ್ಲಿ ಬಿದ್ದರೂ ಜನ ಅದಕ್ಕಾಗಿ ಬರುತ್ತಿದ್ದರು. ಮದುವೆಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬ್ಯಾಂಡಿನವರು ಅದನ್ನೇ ಬಾರಿಸತೊಡಗಿದರು. "ಬಾಗಿಲದಾಗ" ಎಂಬಲ್ಲಿ ದನಿ ತಟ್ಟನೆ ತುಂಡಾಗಿ ಮತ್ತೆ ಹತ್ತುತ್ತದೆ. ಆ ಬಿಕ್ಕಳಿಕೆಯೇ ಹಾಡಿನ ಜೀವ, ಮಾಸ್ತರರ ಕೈಚಳಕ ಅಂದರೆ ಅದು ಎಂದು ತಿಳಿದವರು ಹೊಗಳುತ್ತಿದ್ದರು. ಮುಂದೆ ಮನೆಮನೆಗೆ ಟಿವಿ ಬಂತು, ಡೇರೆಗಳು ಮಡಚಿಕೊಂಡವು. ಅಪ್ಪ ಹಳ್ಳಿಗಳಲ್ಲಿ ಹವ್ಯಾಸಿ ರೈತರಿಗೆ ನಾಟಕ ಕಲಿಸುತ್ತ ತಿರುಗಿದರು. ಕಬ್ಬಿನ ಗಾಡಿ ಹೊಡೆಯುವವರ ಗಂಟಲಿಗೂ ಅಳತೆ ತೆಗೆದುಕೊಂಡು ಕಟ್ಟಿಕೊಟ್ಟರು. ಒಮ್ಮೆ ನನ್ನೆದುರು, "ಎಷ್ಟ ಹಾಡ ಕಟ್ಟಿದ್ನೋ ಲೆಕ್ಕ ಇಲ್ಲವ್ವಾ. ಮಂದಿ ಹಿಡಕೊಂಡದ್ದು ಮಾತ್ರ ನಂದಲ್ಲದ್ದ ಒಂದ" ಎಂದರು. ಉತ್ತರ ಕೊಡಬೇಕಾದವಳು ನಾನಾಗಿದ್ದೆ. ಚಹಾ ತರುತ್ತೇನೆಂದು ಎದ್ದುಹೋದೆ.

ಅಪ್ಪ ತೀರಿಕೊಂಡಾಗ ಅವ್ವ ಹಾಡಿಕೊಂಡು ಅಳಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕುಳಿತಳು, ಬಂದ ಹೆಂಗಸರು ಗುಸುಗುಸು ಮಾತಾಡಿಕೊಂಡರು. ಹಳೆಯ ಕಂಪನಿಯ ನಾಲ್ಕೈದು ಜನ ವಾದ್ಯ ಹೊತ್ತು ಬಂದಿದ್ದರು. ಮಾಸ್ತರರನ್ನು ಅವರ ಹಾಡಿನಿಂದಲೇ ಕಳಿಸುತ್ತೇವೆ ಎಂದು ಅವ್ವನ ಅಪ್ಪಣೆ ಕೇಳಿದರು. "ಅದ ಬ್ಯಾಡ್ರಿ. ಅವರು ತಾವ ಕಟ್ಟಿದ್ದು ಬೇಕಾದಷ್ಟ ಅದಾವು, ಅದರಾಗಿಂದ ಬಾರಸ್ರಿ" ಎಂದಳು. ಅವರು ಮುಖ ಮುಖ ನೋಡಿಕೊಂಡರು. ಒಬ್ಬರಿಗೂ ಬೇರೊಂದು ನೆನಪಿಗೆ ಬರಲಿಲ್ಲ. ಆಗ ಅವ್ವ, ಅಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದ ಅವ್ವ, ಕುಳಿತಲ್ಲಿಂದಲೇ ಆ ಖಳನ ಹಾಡಿನ ಮಾತುಗಳನ್ನು, ರಾಗವಿಲ್ಲದೆ, ಬರೀ ಮಾತಿನಲ್ಲಿ ಹೇಳಿಕೊಟ್ಟಳು. ಕ್ಲಾರಿಯೋನೆಟ್ಟಿನವನಿಗೆ ಹೊಳೆಯಿತು. ನಾಲ್ಕು ಸ್ವರದ ಆ ಕುಡುಕನ ಹಾಡನ್ನು ನಿಧಾನ ಲಯದಲ್ಲಿ ಬಾರಿಸುತ್ತ ಅಪ್ಪನನ್ನು ಒಯ್ದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅವ್ವ ಕೊನೆಯ ಆರು ವರ್ಷ ಚಿಕ್ಕೋಡಿಯಲ್ಲಿ ನನ್ನ ಜೊತೆ ಇದ್ದಳು. ಒಂದು ಮಧ್ಯಾಹ್ನ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ ನನ್ನ ಬಾಯಿಂದ ಬಂದುಬಿಟ್ಟಿತು. "ಅವ್ವಾ, ಮಾಮಾನ ಮ್ಯಾಲಿನ ಆ ಧಾಟಿ ಅಪ್ಪಗ ಸಿಕ್ಕಿದ್ದಿಲ್ಲ. ನಾನ ಹಾಡಿ ತೋರಿಸಿದ್ನಿ."

ಅವ್ವ ಒಂದು ಹರಳು ಆರಿಸಿ ಬದಿಗೆ ಹಾಕಿದಳು. "ಗೊತ್ತೈತಿ" ಎಂದಳು.

"ಅಪ್ಪ ಹೇಳಿದ್ರ?"

"ಅವರೆಲ್ಲಿ ಹೇಳತಾರ. ಐನಾಪುರದಾಗ ಕುಂತಾಗನ ಗೊತ್ತಾತು. ಬಾಗಿಲದಾಗ ಅನ್ನೂ ಮುಂದ ಆ ಸುಶೀಲಾಬಾಯಿ ಉಸರ ಕಡದ್ಲ ನೋಡ, ನಾ ಅಲ್ಲಿ ಕಡದಿದ್ದಿಲ್ಲ. ಒಂದ ಉಸರಿನಾಗ ಹೋಗಿದ್ನಿ. ಒಂಬತ್ತ ವರ್ಷದ ಕೂಸಿಗೆ ಅಷ್ಟುದ್ದ ಉಸರ ಎಲ್ಲಿಂದ ಬರಬೇಕ? ನೀನ ಕಡದಿರತಿ, ಅವರು ಅದನ್ನ ಹಂಗ ಎತ್ತಿಕೊಂಡಾರ ಅಂತ ತಿಳೀತು."

"ಮತ್ತ ನನಗೊಂದ ಮಾತ ಯಾಕ ಅನ್ನಲಿಲ್ಲ?"

"ಅಂದಿದ್ರ ನೀ ಹೆದರಿ ಹಾಡೂದ ಬಿಡತಿದ್ದಿ."

ನಾನು ಬಿಟ್ಟೇ ಬಿಟ್ಟಿದ್ದೆ ಎಂಬುದು ಅವಳಿಗೂ ಗೊತ್ತಿತ್ತು. ಇನ್ನೊಂದು ಹಿಡಿ ಜೋಳ ಮೊರಕ್ಕೆ ಸುರಿದು ನಾನು, "ಉಸರ ಕಡೀದ ಹೆಂಗ ಹೋಗಿದ್ದಿ ಅವ್ವಾ, ಒಮ್ಮಿ ಅಂದ ತೋರಸ" ಎಂದೆ. ಕೇಳಿದ ಮೇಲೆ ನನಗೇ ಗೊತ್ತಾಯಿತು, ಇದು ಅಪ್ಪನ ಮಾತು. ಅವ್ವ ಸಿಟ್ಟಾಗಲಿಲ್ಲ. ನನ್ನ ಕೈ ಮೇಲೆ ಕೈಯಿಟ್ಟು, "ಬ್ಯಾಡವಾ. ಅದೊಂದ ನನ್ನ ಹಂತೇಕ ಇರಲಿ" ಎಂದಳು.

ಅವ್ವ ಹೋಗಿ ಈಗ ವರ್ಷವಾಯಿತು. ಹಾಡಿಕೊಂಡು ಅಳಲು ನನಗೆ ಬರಲಿಲ್ಲ. ಮೊನ್ನೆ ಅಥಣಿಯ ಒಂದು ಮದುವೆಯಲ್ಲಿ ಬ್ಯಾಂಡಿನ ಹುಡುಗರು ಅದೇ ಧಾಟಿ ಬಾರಿಸಿದರು. ಯಾರು ಕಟ್ಟಿದ್ದೆಂದು ಅವರಿಗೆ ಗೊತ್ತಿಲ್ಲ, ಮಾತುಗಳೂ ಗೊತ್ತಿಲ್ಲ. ಕಡಿಯಬೇಕಾದಲ್ಲಿ ಸರಿಯಾಗಿ ಕಡಿದರು, ಮದುಮಗಳ ತಾಯಿ ಅಲ್ಲಿಯೇ ಕಣ್ಣೊರೆಸಿಕೊಂಡಳು. ಸಾಲದೆ ಹೋದ ನನ್ನ ಉಸಿರಿಗೆ ಊರೂರು ಅಳುತ್ತಿದೆ. ದಿಗ್ಗೇವಾಡಿಯ ಅಂಗಳದಲ್ಲಿ ಅದು ಕಡಿಯದೆ ಹೇಗೆ ಹೋಗಿತ್ತು ಎಂದು ನೆನೆಯಲು ನೋಡುತ್ತೇನೆ. ನನಗೆ ನೆನಪಾಗುವುದಿಲ್ಲ.