ಕಪ್ಪಗೆ ಬಂದ ಸ್ಕ್ರೀನ್‌ಶಾಟ್

"ಅಪ್‌ಲೋಡ್ ಫೇಲ್ಡ್" ಎಂದಿತು ಕಂಪ್ಯೂಟರ್. ಕಣ್ಣು ಹೋದಂದಿನಿಂದ ನನಗೆ ಎಲ್ಲವನ್ನೂ ಓದಿ ಹೇಳುವುದು ಈ ಸ್ಕ್ರೀನ್ ರೀಡರ್ ದನಿಯೇ. ಅದಕ್ಕೆ ಸಿಟ್ಟಿಲ್ಲ, ಮರುಕವೂ ಇಲ್ಲ.

ಮೂಡಲಗಿಯ ಹುಡುಗಿಯರಿಗೆ ಆನ್‌ಲೈನ್‌ನಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವ ಕ್ಲಾಸೊಂದಕ್ಕೆ ಟೀಚರ್ ಬೇಕಾಗಿದ್ದರು. ಗೋಕಾಕದ ಮನೆಯಲ್ಲೇ ಕೂತು ಕಲಿಸಬಹುದು. ಆದರೆ ಮಾದರಿ ಪಾಠದ ವಿಡಿಯೋ ಅಂದು ಸಂಜೆ ಐದರೊಳಗೆ ಮುಟ್ಟಬೇಕಿತ್ತು. ನನ್ನನ್ನು ಯಾರಾದರೂ ಟೀಚರ್ ಎಂದು ಕರೆದು ಎಷ್ಟು ಕಾಲವಾಗಿತ್ತೋ! ಈಗ ನಾನು ಎಲ್ಲರಿಗೂ ಪಾಪದ ಅಜ್ಜಿ.

ಕ್ಲಾಸಿನವರಿಗೆ ಫೋನ್ ಮಾಡಿದೆ. "ಎರರ್ ಬಂದಿದ್ದರ ಸ್ಕ್ರೀನ್‌ಶಾಟ್ ಕಳಸ್ರಿ ಮೇಡಂ," ಅಂದಳು ಅಲ್ಲಿಯ ಹೆಣ್ಣುಮಗಳು.

ಅದೇನು ನನಗೆ ಹೊಸದಲ್ಲ. ಪ್ರಿಂಟ್ ಸ್ಕ್ರೀನ್ ಗುಂಡಿಯನ್ನು ಬೆರಳಿನಿಂದಲೇ ಹುಡುಕಿ ಒತ್ತಿ, ಮೇಲ್‌ನಲ್ಲಿ ಅಂಟಿಸಿ ಕಳಿಸಿದೆ. ಯಾರೋ ಮುಚ್ಚಿಕೊಟ್ಟ ಡಬ್ಬಿಯಲ್ಲಿ ಊಟ ಇದೆಯೆಂದು ನಂಬಿ ಒಯ್ದ ಹಾಗೆ.

"ಮೇಡಂ, ಬರೇ ಕರ್ರಗ ಐತ್ರಿ."

ಮತ್ತೆ ಕಳಿಸಿದೆ. ಮತ್ತೆ ಕಪ್ಪು. "ನಿಮಗ ಬರವಲ್ದಂದ್ರ ಬಾಜೂ ಯಾರನ್ನಾರ ಕರೀರಿ ಮೇಡಂ," ಅಂದಳು, ಮೆಲ್ಲಗೇ. ಕಾನ್ವೆಂಟಿನಲ್ಲಿ ನನ್ನ ಕಸೂತಿ ನೋಡಿ ಸಿಸ್ಟರ್ ಇಷ್ಟೇ ಮೆಲ್ಲಗೆ "ಡು ಇಟ್ ಅಗೇನ್, ಚೈಲ್ಡ್" ಎನ್ನುತ್ತಿದ್ದರು. ಆಗ ಬಿಸಿಯಾಗುತ್ತಿದ್ದ ಹಾಗೆಯೇ ಕಿವಿ ಬಿಸಿಯಾಯಿತು.

ಗೋಡೆಯ ಗಡಿಯಾರ ನಾಲ್ಕು ಬಾರಿಸಿತು.

ಹುಕ್ಕೇರಿಯಿಂದ ಬಂದ ತಂಗಿ ಅಡಿಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಅವಳಿಗೆ ನಾನೇನೂ ಹೇಳಿರಲಿಲ್ಲ. ಅವಳಿಗೆ ಗೊತ್ತಾದದ್ದು ಹುಕ್ಕೇರಿಗೆಲ್ಲ ಗೊತ್ತಾದ ಹಾಗೆ. ಕೆಲಸ ಸಿಗದಿದ್ದರೆ ಬೀಗರು, ನೆಂಟರೆಲ್ಲ ಫೋನ್ ಮಾಡಿ "ಅಯ್ಯ, ಪಾಪ" ಅನ್ನುವುದನ್ನು ಕೇಳಬೇಕು. ಆದರೂ ಕರೆದೆ.

"ಇದರಾಗ ಏನ್ ಕಾಣ್ತೈತಿ ನೋಡವ್ವಾ."

"ಏನಿಲ್ಲಕ್ಕಾ. ಯಾವಾಗ್ಲೂ ಹಿಂಗ ಕರ್ರಗ ಇರತೈತಲ್ಲ?"

"ಯಾವಾಗ್ಲೂ?"

"ಹೂಂ ಮತ್ತ. ಕಣ್ಣು ಕಾಣಲಾರದವರ ಕಂಪ್ಯೂಟರ್ ಹಿಂಗ ಇರತೈತೇನೋ ಅಂದ್ಕೊಂಡಿದ್ನಿ."

ಸ್ಕ್ರೀನ್ ಕರ್ಟನ್! ಹಿಂದೆ ನಿಂತು ಓದುವ ಚಟ ಇವಳದು. ಅದಕ್ಕೇ ಇವಳು ಬಂದಾಗಲೆಲ್ಲ ನಾನು ಆ ಪರದೆ ಹಾಕುತ್ತೇನೆ. ದನಿ ನನಗೆ ಎಂದಿನಂತೆ ಓದುತ್ತಿರುತ್ತದೆ, ನೋಡುವವರಿಗೆ ಮಾತ್ರ ಕತ್ತಲೆ. ನಾನು ಕಳಿಸಿದ್ದು ಆ ಕತ್ತಲೆಯ ಫೋಟೋವನ್ನೇ.

ಪರದೆ ತೆಗೆದರೆ ಇವಳು ಓದುತ್ತಾಳೆ. ತೆಗೆಯದಿದ್ದರೆ ಐದಾಗುತ್ತದೆ. ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ಕೂತೆ. ಬಾಣಲೆಯಲ್ಲಿ ಶೇಂಗಾ ಹೊತ್ತುವ ವಾಸನೆ ಬಂತು, ಅವಳು ಕದಲಲಿಲ್ಲ.

ಒತ್ತಿದೆ.

"ಅಯ್ಯ ಅಕ್ಕಾ! ಇದ್ರಾಗ ನೀನ ಅದಿ!" ಆಮೇಲೆ ಅವಳ ದನಿ ಇಳಿಯಿತು. "ಟೀಚರ್… ಮೂಡಲಗಿ…" ಎಂದು ಒಂದೊಂದೇ ಓದಿದಳು. ನಾನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ.

ಫೋನ್ ಬಂತು. "ಈಗ ಕಾಣ್ತು ನೋಡ್ರಿ ಮೇಡಂ. ವಿಡಿಯೋ ಭಾಳ ಉದ್ದ ಆಗೈತಿ. ಸಣ್ಣದು ಮಾಡಿ ಕಳಸ್ರಿ, ಆರರ ತನಕ ಕಾಯ್ತೀನಿ."

ತಂಗಿ ಇನ್ನೂ ಸ್ಕ್ರೀನ್ ನೋಡುತ್ತಲೇ ಇದ್ದಳು.

"ಈ ವಿಡಿಯೋ ಕಳಸಾಕ ಹೊಂಟಿದ್ದೇನ? ಬರೇ ಹಣಿ ಕಾಣ್ತೈತಿ. ಬಾಯಿ ಇಲ್ಲದ ಟೀಚರ್ ಕಡೆ ಮಾತು ಯಾರ್ ಕಲೀತಾರ?"

"ಹುಕ್ಕೇರಿಗೆ ಫೋನ್ ಹಚ್ಚಬ್ಯಾಡ."

"ಮೊದ್ಲ ಗದ್ದ ಎತ್ತು."

ಲ್ಯಾಪ್‌ಟಾಪಿನ ತೆರೆಯನ್ನು ಸ್ವಲ್ಪ ಬಾಗಿಸಿದಳು. ಶೇಂಗಾ ಹೊಟ್ಟು ಮೆತ್ತಿದ ಬೆರಳಿಂದ ನನ್ನ ಗದ್ದ ಹಿಡಿದು ಎತ್ತಿ, ಕೂದಲು ಒಪ್ಪ ಮಾಡಿದಳು. "ಹಾಂ, ಈಗ ಪೂರ್ತಿ ಕಾಣ್ತಿ. ಅಲ್ಲಾಡಬ್ಯಾಡ."

ಗಂಟಲು ಸರಿಮಾಡಿಕೊಂಡೆ. "ಗುಡ್ ಈವನಿಂಗ್, ಗರ್ಲ್ಸ್."