ಶಿವಬಸವ್ವ ನಳಕ್ಕೆ ಅರ್ಜಿ ಹಾಕಿದ್ದು

ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಸಂಜೆ ಮನೆಗೆ ಹೋದ ಮೇಲೂ ತಮ್ಮ ಕೂಸುಗಳ ಮುಖ ಮುಟ್ಟಲು ಹೆದರುತ್ತಿದ್ದರು. ಎಷ್ಟು ತೊಳೆದರೂ ಬೆರಳ ಸಂದಿಯ ಖಾರ ಹೋಗುತ್ತಿರಲಿಲ್ಲ. ಇಂಡಿ ಕಡೆಯಿಂದ ಈ ಮರಾಠಿ ಶಹರಕ್ಕೆ ಬಂದ ಶಿವಬಸವ್ವನೂ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವಳು. ಒಮ್ಮೆ ಹಾಲಿಗಾಗಿ ಅಳುತ್ತಿದ್ದ ಮಗಳನ್ನು ಅವಸರದಲ್ಲಿ ಎತ್ತಿಕೊಂಡಾಗ ಕೂಸಿನ ಕಣ್ಣಿಗೆ ಖಾರ ತಾಗಿತ್ತು. ಎರಡು ತಾಸು ಚೀರಿ ಚೀರಿ ಅತ್ತು ಅದು ಸುಮ್ಮನಾಯಿತು, ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಆ ಎರಡು ತಾಸು ಶಿವಬಸವ್ವನ ಮನಸ್ಸಿನಿಂದ ಹೋಗಲಿಲ್ಲ.

ಮಗಳ ಮದುವೆಯಾಗಿ, ಹಮಾಲಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವಳು ಮೆಣಸಿನಕಾಯಿಯ ಕೆಲಸ ಬಿಟ್ಟಳು. ಅಡತಿ ವ್ಯಾಪಾರಿ ಅಪ್ಪಾಸಾಹೇಬರ ಗೋದಾಮಿನ ಹಿಂದೆ ಒಂದು ತಗಡಿನ ಖೋಲಿ ಖಾಲಿ ಬಿದ್ದಿತ್ತು. ಅವರನ್ನು ಕೇಳಿಕೊಂಡು ಅಲ್ಲಿ ಕೌದಿ ಹಾಸಿ, ಕೆಲಸಕ್ಕೆ ಬರುವವರ ಕೂಸುಗಳನ್ನು ನೋಡಿಕೊಳ್ಳತೊಡಗಿದಳು. ತಾಯಂದಿರು ಜೋಳವೋ ಬೇಳೆಯೋ ಕೈಲಾದದ್ದನ್ನು ತಂದುಕೊಡುತ್ತಿದ್ದರು. ಅವಳೊಬ್ಬಳಿಗೆ ಅದು ಸಾಕಾಗುತ್ತಿತ್ತು. ಸಾಲದೇ ಇದ್ದದ್ದು ನೀರು. ನಳ ಇದ್ದದ್ದು ನಾಲ್ಕು ಗೋದಾಮುಗಳ ಆಚೆ. ಹಾಲೂಡಿಸಲು ಬರುವ ತಾಯಂದಿರ ಕೈ ತೊಳೆಸಲಿಕ್ಕೇ ದಿನಕ್ಕೆ ಹತ್ತು ಕೊಡ ಬೇಕು. ಪ್ರತಿಸಲ ಹೋಗುವಾಗಲೂ ಯಾವ ಕೂಸು ಹೊಸ್ತಿಲು ದಾಟಿತೋ ಎಂದು ಅವಳು ತಿರುತಿರುಗಿ ನೋಡುತ್ತಿದ್ದಳು.

ಅಪ್ಪಾಸಾಹೇಬರ ಅಂಗಡಿಯ ಗುಮಾಸ್ತರ ಮಗಳು ತ್ರಿವೇಣಿ ಧನಕವಡಿಯ ಕಾಲೇಜಿನಲ್ಲಿ ಓದುತ್ತಿದ್ದಳು. ವಿಮಾನ ನಗರದಲ್ಲಿ ಒಂದು ದತ್ತಿ ಸಂಸ್ಥೆ ಇದೆಯೆಂದೂ ಹೆಂಗಸರು ಮಕ್ಕಳ ಕೆಲಸಕ್ಕೆ ಹಣ ಕೊಡುತ್ತದೆಂದೂ ಪತ್ರಿಕೆಯಲ್ಲಿ ಓದಿ, ೧೯೯೯ರ ಬೇಸಿಗೆಯಲ್ಲಿ ಅವಳೇ ಹೋಗಿ ಅರ್ಜಿಯ ಫಾರ್ಮ್ ತಂದಳು. ಹನ್ನೆರಡು ಪುಟ, ಎಲ್ಲವೂ ಇಂಗ್ಲಿಷು. ಖೋಲಿಯ ಬಾಗಿಲಲ್ಲಿ ಕೂತು ತ್ರಿವೇಣಿ ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಿದಳು. ತೊಡೆಯ ಮೇಲೊಂದು ಕೂಸು ಮಲಗಿಸಿಕೊಂಡ ಶಿವಬಸವ್ವ ಪರೀಕ್ಷೆಗೆ ಕೂತವಳ ಹಾಗೆ ಕೇಳಿಸಿಕೊಂಡಳು.

ನಿಮ್ಮ ಸಂಸ್ಥೆಯ ಹೆಸರೇನು ಎಂಬ ಮೊದಲನೆಯ ಪ್ರಶ್ನೆಗೇ ಅವಳು ತಡವರಿಸಿದಳು. ಫಲಾನುಭವಿಗಳು ಎಷ್ಟು ಎಂದಾಗ ಕೂಸುಗಳನ್ನು ಎಣಿಸಬೇಕೋ ತಾಯಂದಿರನ್ನೋ ತಿಳಿಯಲಿಲ್ಲ. ಅವಳಿ ಮಕ್ಕಳ ತಾಯಿ ಒಬ್ಬಳಿದ್ದಳು, ಅಲ್ಲಿ ಲೆಕ್ಕ ಇನ್ನಷ್ಟು ಗೋಜಲಾಯಿತು. ಏಳನೆಯ ಪುಟಕ್ಕೆ ಬರುವಷ್ಟರಲ್ಲಿ ತ್ರಿವೇಣಿಯೂ ಬೆವತಿದ್ದಳು.

"ಕಾಕೂ, ನಾವು ರೊಕ್ಕ ಕೊಡೂದು ನಿಲ್ಲಿಸಿದ ಮ್ಯಾಲ ಹೆಂಗ ನಡಸ್ತೀರಿ ಅಂತ ಕೇಳ್ಯಾರ್ರಿ."

"ಇನ್ನೂ ಕೊಟ್ಟಿಲ್ಲಲ್ಲವ್ವಾ. ನಿಲ್ಲಸೂ ಮಾತು ಈಗ್ಯಾಕ?" ಎಂದಳು ಶಿವಬಸವ್ವ. "ಈಗ ಹೆಂಗ ನಡಸಾಕತ್ತೀನೋ ಹಂಗ ಅಂತ ಬರಿ."

"ಹಂಗ ಬರದ್ರ ಇವರಿಗೆ ರೊಕ್ಕದ ಗರಜೇ ಇಲ್ಲ ಅಂತಾರ್ರಿ."

ಆ ಜಾಗ ಖಾಲಿಯೇ ಉಳಿಯಿತು.

ನೋಂದಣಿ ಇಲ್ಲದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಕೊನೆಯ ಪುಟದಲ್ಲಿತ್ತು. ನೋಂದಣಿಗೆ ಏಳು ಜನ ಬೇಕು. ಹಾಗಾಗಿ ಸಕ್ಕುಬಾಯಿ, ಅಂಬಾ ಮೊದಲಾಗಿ ತೊಟ್ಟು ಬಿಡಿಸುವ ಆರು ಹೆಂಗಸರು ಸೇರಿಕೊಂಡರು. ಗುಮಾಸ್ತರು ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿದರು. ಮೂರು ತಿಂಗಳು ತಿರುಗಿದ ಮೇಲೆ ನೋಂದಣಿ ಕಾಗದ ಬಂತು. ಬಾಗಿಲಿಗೊಂದು ನಳ ಬೇಕೆಂಬ ಅರ್ಜಿಯ ಜೊತೆ ಅದನ್ನಿಟ್ಟು ತ್ರಿವೇಣಿ ಕಳಿಸಿದಳು. ಶಿವಬಸವ್ವ ಅಧ್ಯಕ್ಷೆ ಆಗಿದ್ದಳು. ಅಧ್ಯಕ್ಷೆ ಕೊಡ ಹೊರಬಾರದೆಂದು ಸಕ್ಕುಬಾಯಿ ನಗೆಯಾಡಿದರೆ, ಅದೂ ಒಂದು ನಿಯಮವಿರಬಹುದೇ ಎಂದು ಶಿವಬಸವ್ವ ತ್ರಿವೇಣಿಯನ್ನು ಕೇಳಿ ಖಾತ್ರಿ ಮಾಡಿಕೊಂಡಳು.

ದೀಪಾವಳಿ ಕಳೆದ ಮೇಲೆ ದತ್ತಿ ಸಂಸ್ಥೆಯಿಂದ ನೋಡಲು ಬರುತ್ತೇವೆಂದು ಕಾರ್ಡು ಬಂತು. ಹೆಂಗಸರು ಖೋಲಿ ಸಾರಿಸಿದರು, ಕೌದಿ ಒಗೆದರು. ಆದರೆ ಬರುವ ದಿನ ಬೆಳಿಗ್ಗೆ ಹಮಾಲರು ಏನೋ ತಕರಾರಿಗೆ ಕೆಲಸ ನಿಲ್ಲಿಸಿದರು. ಚೀಲ ಇಳಿಯಲಿಲ್ಲ, ತೊಟ್ಟು ಬಿಡಿಸುವವರಿಗೆ ಕೆಲಸವಿಲ್ಲ. ತಾಯಂದಿರು ಕೂಸುಗಳನ್ನು ಕಂಕುಳಲ್ಲಿ ಇರಿಸಿಕೊಂಡು ಮನೆಗೆ ಹೊರಟುಬಿಟ್ಟರು. ಹತ್ತಿರದ ಗುಡಿಸಲುಗಳ ವಸ್ತಿಯಿಂದ ನಾಲ್ಕು ಮಕ್ಕಳನ್ನಾದರೂ ತಂದು ಕೂರಿಸೋಣವೆಂದು ಅಂಬಾ ಹೇಳಿದಳು. ಶಿವಬಸವ್ವನಿಗೆ ಅದು ಸರಿಯೋ ತಪ್ಪೋ ತೀರ್ಮಾನಿಸಲು ಆಗಲಿಲ್ಲ. ಅವಳು ಇನ್ನೂ ಯೋಚಿಸುತ್ತಿರುವಾಗಲೇ ರಿಕ್ಷಾ ಬಂದು ನಿಂತಿತು.

ಬಂದವಳು ಇಂದೂ ಎಂಬ ಮರಾಠಿ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಖಾಲಿ ಖೋಲಿ ನೋಡಿ ಮಕ್ಕಳೆಲ್ಲಿ ಎಂದಳು. ಶಿವಬಸವ್ವ ತನ್ನ ಅರೆಬರೆ ಮರಾಠಿಯಲ್ಲಿ ಹಮಾಲರ ವಿಷಯ, ಚೀಲದ ವಿಷಯ, ಖಾರದ ವಿಷಯ ಎಲ್ಲವನ್ನೂ ಒಂದರ ಮೇಲೊಂದು ಹೇಳಿದಳು. ಹೇಳುತ್ತಾ ಹೇಳುತ್ತಾ ತನಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು. ಇಂದೂ ಏನೇನೋ ಬರೆದುಕೊಂಡಳು, ನಳದವರೆಗೂ ನಡೆದು ಹೆಜ್ಜೆ ಎಣಿಸಿದಳು, ಚಹಾ ಬೇಡವೆಂದು ಹೊರಟುಹೋದಳು.

ಸಂಕ್ರಾಂತಿಯ ಹೊತ್ತಿಗೆ ಪತ್ರ ಬಂತು. ನಿಮ್ಮ ಕೆಲಸ ಮೆಚ್ಚುವಂಥದ್ದು, ಆದರೆ ನೀರು ನಮ್ಮ ವಿಷಯವಲ್ಲ, ಶಿಕ್ಷಣ ನಮ್ಮ ವಿಷಯ, ಮಕ್ಕಳಿಗೆ ಪಾಠ ಕಲಿಸುವ ಯೋಜನೆ ಇದ್ದರೆ ಮತ್ತೆ ಬರೆಯಿರಿ ಎಂದಿತ್ತು. ಶಿವಬಸವ್ವ ಕೌದಿಯ ಮೇಲೆ ಕಾಲು ಬಡಿಯುತ್ತಿದ್ದ ಆರು ತಿಂಗಳ ಕೂಸನ್ನು ನೋಡಿದಳು. ಇದಕ್ಕೆ ಏನು ಪಾಠ ಕಲಿಸಬೇಕು ಎಂದು ನಿಜವಾಗಿಯೇ ಕೇಳಿದಳು. ಖೋಲಿ ಖಾಲಿಯಿದ್ದದ್ದಕ್ಕೇ ಕೊಡಲಿಲ್ಲ ಎಂಬ ಅನುಮಾನ ಶಿವಬಸವ್ವನಿಗೆ. ಹಾಗಲ್ಲವೆಂದು ತ್ರಿವೇಣಿ ಪತ್ರವನ್ನು ಎರಡೆರಡು ಸಲ ಓದಿ ಹೇಳಿದರೂ ಅದು ಹೋಗಲಿಲ್ಲ.

ಸುಮ್ಮನಿರದವಳು ಸಕ್ಕುಬಾಯಿ. ಇಷ್ಟು ತಿರುಗಿ ಮಾಡಿಸಿದ ನೋಂದಣಿ ಕಾಗದ ಇದೆಯಲ್ಲ, ಅದನ್ನು ಹಿಡಿದು ಯಾರ್ಡಿನ ಆಫೀಸಿಗೇ ಹೋಗೋಣ ಎಂದಳು. ಏಳೂ ಜನ ಕೆಲಸದ ಸೀರೆಯಲ್ಲೇ ಹೋದರು. ಹಿಂದೆ ಒಬ್ಬಳೇ ಕೇಳಲು ಹೋದಾಗ ಶಿವಬಸವ್ವ ಬಾಗಿಲಿನಿಂದಲೇ ಮರಳಿದ್ದಳು. ಈ ಸಲ ಸಾಹೇಬರು ಕಾಗದ ನೋಡಿ, ಅಧ್ಯಕ್ಷೆ ಯಾರು ಎಂದು ಕೇಳಿದರು. ಅಂಬಾ ಮೊಣಕೈಯಿಂದ ತಿವಿದಾಗಲೇ ಆ ಪ್ರಶ್ನೆ ತನಗೆ ಎಂದು ಶಿವಬಸವ್ವನಿಗೆ ಹೊಳೆದದ್ದು. ಕುರ್ಚಿ ತರಿಸಿ ಕೂರಿಸಿದರು. ಮಳೆಗಾಲಕ್ಕೆ ಮುಂಚೆ ಖೋಲಿಯ ಬಾಗಿಲಿಗೆ ನಳ ಬಂತು.

ಮುಂದಿನ ವರ್ಷ ಒಂದು ಮಧ್ಯಾಹ್ನ ಇಂದೂ ತಾನಾಗಿಯೇ ಬಂದಳು. ಆ ಕೆಲಸ ಬಿಟ್ಟಿದ್ದಳಂತೆ. ಈ ಖೋಲಿಯ ಪರವಾಗಿ ತಾನು ಬರೆದಿದ್ದೆ, ಮೇಲಿನವರು ಒಪ್ಪಲಿಲ್ಲ, ಅದು ಮನಸ್ಸಿನಲ್ಲೇ ಉಳಿದಿತ್ತು ಎಂದಳು. ಆಮೇಲೆ ನಳ ನೋಡಿ, ಇದನ್ನು ಯಾರು ಕೊಟ್ಟರು ಎಂದು ಕೇಳಿದಳು. ಯಾರ್ಡಿನವರು ಎನ್ನಬೇಕೋ, ತಾವು ಏಳು ಜನ ಎನ್ನಬೇಕೋ, ಆ ಹನ್ನೆರಡು ಪುಟದ ಅರ್ಜಿ ಎನ್ನಬೇಕೋ ಶಿವಬಸವ್ವನಿಗೆ ಬಗೆಹರಿಯಲಿಲ್ಲ. ಈ ಹುಡುಗಿಯ ಮೇಲೆ ಸಿಟ್ಟಾಗಬೇಕೋ ಬೇಡವೋ ಎಂಬುದೂ ತಿಳಿಯಲಿಲ್ಲ. ಅಷ್ಟರಲ್ಲಿ ಅವಳಿಗಳಲ್ಲಿ ಒಂದು ಅಳತೊಡಗಿತು. ಶಿವಬಸವ್ವ ಅದನ್ನೆತ್ತಿ ಇಂದೂಳ ಕೈಗೆ ಕೊಟ್ಟು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.