ಆರು ಹೆತ್ತವರ ಬಳೆಶಾಸ್ತ್ರ

ಎಪ್ಪತ್ತರ ದಶಕದಲ್ಲಿ ಗೋವಿಂದರಾಜನಗರದ ವಠಾರವೊಂದರಲ್ಲಿ ನಾವು ಬಾಡಿಗೆಗಿದ್ದೆವು. ಮನೆಯ ಒಡತಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಾರೂ ಕೇಳದಿದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ಆರು ಹೆತ್ತೋಳು ಕಣೇ" ಎಂದು ಶುರು ಮಾಡುತ್ತಿದ್ದರು.

ನನ್ನ ಸೀಮಂತದ ದಿನ ಬಳೆಗಾರ ನನ್ನ ಅಳತೆಯ ಬಳೆ ತೆಗೆದರೆ, ಆಕೆ ಹಟ ಹಿಡಿದು ಚಿಕ್ಕದನ್ನೇ ತೊಡಿಸಿದರು. ಸಡಿಲ ಬಳೆ ಬಸುರಿಗೆ ಆಗಿಬರುವುದಿಲ್ಲವಂತೆ. ಬಳೆಗಾರ ಹಿಂಡಿದ ನನ್ನ ಕೈ ಸಂಜೆಯ ಹೊತ್ತಿಗೆ ಕಪ್ಪುಗಟ್ಟಿತು.

"ಗಂಡ ಹೊಡ್ದಿರ್ಬೇಕು, ಬಳೆ ಮೇಲೆ ಹಾಕ್ತಾಳೆ" ಎಂದು ಆಕೆ ನಲ್ಲಿಯ ಹತ್ತಿರ ಸಾರಿದರು.

ಆಸ್ಪತ್ರೆಗೆ ಹೋದಾಗ ಕಪ್ಪುಗಟ್ಟಿದ ಕೈ ನೋಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬಹಳ ಕಡಿಮೆಯಾಗಿದೆ, ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು. ಸುದ್ದಿ ಕೇಳಿ ಒಡತಿ ನಕ್ಕರು.

"ಆ ಡಾಕ್ಟ್ರು ಎಷ್ಟು ಹೆತ್ತವ್ರೆ?"

ನಾನೂ ಮಗುವೂ ಹೇಗೋ ಉಳಿದೆವು. ಮರುವರ್ಷ ಆಕೆಯ ಮಗಳು ಬಸುರಿಯಾದಳು. ವಾಂತಿ ಶುರುವಾಗುವ ಮೊದಲೇ ಅದೇ ಡಾಕ್ಟರ ಹತ್ತಿರ ರಕ್ತ ಪರೀಕ್ಷೆಯಾಯಿತು.

"ನಮ್ಮ ಹುಡುಗೀದು ಸೂಕ್ಷ್ಮ ಮೈ ಕಣಮ್ಮ" ಎಂದರು ಒಡತಿ.

ಸೀಮಂತದಲ್ಲಿ ಆ ಸೂಕ್ಷ್ಮ ಮೈಯ ಹುಡುಗಿ ತಲೆಯ ಹೂವು ಸರಿಮಾಡಿಕೊಳ್ಳಲು ಕೈಯೆತ್ತಿದಾಗ ಬಳೆಗಳೆಲ್ಲ ಮೊಣಕೈವರೆಗೆ ಜಾರಿದವು.